ಆ ಹಾಳೆಗೆ ಸಹಿ ಹಾಕುವ ಮುನ್ನ

ಪ್ರೀತಿಯ ಗೆಳೆಯನಿಗೆ,

ಕರ್ತನಾದ ಯೇಸು ಕ್ರಿಸ್ತನ ಕೃಪೆಯೂ ಶಾಂತಿಯೂ ನಿನಗೂ ನಿನ್ನ ಮನೆಯವರಿಗೂ ಆಗಲಿ.

ನಿನ್ನ ಪತ್ರ ಬಂತು. ಅದರೊಂದಿಗೆ ನೀನು ಕಳುಹಿಸಿದ, ನೀನೀಗ ಹೋಗುವ ಸಭೆಯವರು ಸಹಿ ಹಾಕಲು ಕೊಟ್ಟಿರುವ ಒಡಂಬಡಿಕೆ ಪತ್ರದ ಪ್ರತಿಯನ್ನೂ ಓದಿದೆ. ನಿಮ್ಮಂಥ ಸ್ಥಿತಿಯಲ್ಲಿರುವ ಬೇರೆಯವರೂ ಓದಲೆಂದು ಈ ಉತ್ತರವನ್ನು ಬಹಿರಂಗವಾಗಿ ಬರೆಯಲು ನೀನೇ ಒಪ್ಪಿದ್ದೀಯ. ಆದ್ದರಿಂದ ಯಾರ ಹೆಸರನ್ನೂ ಯಾವ ಸಭೆಯ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ.

ಹಾಳೆಯಲ್ಲಿ ಇರುವುದಿಷ್ಟು. ಹೆಂಗಸರು ಓಲೆ, ಬಳೆ, ಸರ ತೆಗೆಯಬೇಕು, ಹೂವು ಮುಡಿಯಬಾರದು. ಸಂಬಳದಲ್ಲಿ ಯಾವ ಕಡಿತಕ್ಕೂ ಮೊದಲೇ ದಶಮಾಂಶ, ಅಂದರೆ ಸಭೆಗೆ ಕೊಡುವ ಹತ್ತನೆಯ ಒಂದು ಪಾಲು, ಎಣಿಸಿ ಪುಸ್ತಕದಲ್ಲಿ ಬರೆಸಬೇಕು. ವಿಶ್ವಾಸಿಗಳಲ್ಲದ ನೆಂಟರ ಮದುವೆ, ಗೃಹಪ್ರವೇಶಗಳಿಗೆ ಹೋಗಬಾರದು. ಬೇರೆ ಯಾವ ಸಭೆಯಲ್ಲೂ ಕರ್ತನ ಭೋಜನದಲ್ಲಿ, ಅಂದರೆ ಕ್ರಿಸ್ತನ ನೆನಪಿಗಾಗಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆಚರಣೆಯಲ್ಲಿ, ಪಾಲುಗೊಳ್ಳಬಾರದು. ತಪ್ಪಿದವರ ಹೆಸರನ್ನು ಭಾನುವಾರ ಎಲ್ಲರೆದುರು ಓದಲಾಗುವುದು. ಕೊನೆಗೆ ಒಂದು ಸಾಲು: ಇವುಗಳನ್ನು ಕೈಕೊಳ್ಳುವವರೇ ಕರ್ತನ ಬರೋಣದಲ್ಲಿ ಎತ್ತಲ್ಪಡುವ ಸಭೆ. ಅಂದರೆ ಕ್ರಿಸ್ತನು ಮತ್ತೆ ಬರುವಾಗ ತನ್ನ ಬಳಿಗೆ ಸೇರಿಸಿಕೊಳ್ಳುವುದು ಇವರನ್ನೇ.

ಇದಕ್ಕೆ ನೀನು ಬರೆದಿರುವ ಮಾತು ಇದು: “ನನಗೆ ಇದೆಲ್ಲ ಸರಿ ಅನ್ನಿಸುವುದಿಲ್ಲ, ಆದರೆ ಬಿಟ್ಟುಕೊಟ್ಟರೆ ನನಗೇನು ನಷ್ಟ? ಸಭೆಯಲ್ಲಿ ಸಮಾಧಾನವಾದರೂ ಇರುತ್ತದೆ.” ನಾನು ಉತ್ತರ ಬರೆಯಬೇಕೆಂದು ಕುಳಿತದ್ದು ಈ ಮಾತಿಗೆ. ನಿಯಮಗಳ ಬಗ್ಗೆ ವಾದ ಮಾಡುವುದು ಸುಲಭ, ಅದನ್ನೂ ಮಾಡುತ್ತೇನೆ. ಆದರೆ ನನ್ನನ್ನು ಕಲಕಿದ್ದು ನಿನ್ನ ಈ ಪ್ರಶ್ನೆ.

ಮೊದಲು ಒಂದನ್ನು ಒಪ್ಪಿಕೊಳ್ಳಬೇಕು. ನೀನು ಕುಡಿತದಿಂದ ಹೊರಬಂದದ್ದು ಆ ಜನರ ನಡುವೆ. ರಾತ್ರಿಯೆಲ್ಲ ನಿನ್ನ ಪಕ್ಕದಲ್ಲಿ ಕುಳಿತು ಪ್ರಾರ್ಥಿಸಿದವರು ಅವರು. ನಾವು ಹುಟ್ಟಿ ಬೆಳೆದ ಬೆಟಗೇರಿಯ ಹಳೆಯ ಸಭೆಗೆ ಆಗ ನಿನ್ನ ನೆನಪೂ ಇರಲಿಲ್ಲ. ಆ ಋಣ ಸಣ್ಣದಲ್ಲ, ಅದನ್ನು ಮರೆ ಎಂದು ಹೇಳುವ ಹಕ್ಕು ನನಗಿಲ್ಲ. ಆದರೆ ಅಪೊಸ್ತಲನಾದ ಪೌಲನು ಗಲಾತ್ಯ ಸೀಮೆಯ ಸಭೆಗಳವರಿಗೆ ಬರೆದ ಪತ್ರಿಕೆಯಲ್ಲಿ ಕೇಳಿದ ಪ್ರಶ್ನೆಯನ್ನು ನಿನಗೂ ಕೇಳುತ್ತೇನೆ. ನೀವು ಪವಿತ್ರಾತ್ಮನನ್ನು ಹೊಂದಿದ್ದು ನೇಮಗಳನ್ನು ಅನುಸರಿಸಿಯೋ, ಕೇಳಿ ನಂಬಿಯೋ? ನೀನು ಬಾಟಲಿ ಕೆಳಗಿಟ್ಟ ದಿನ ಈ ಹಾಳೆ ಎಲ್ಲಿತ್ತು? ಆಗ ಯಾರೂ ನಿನ್ನ ಹೆಂಡತಿಯ ಕೈಯನ್ನು ನೋಡಲಿಲ್ಲ, ನಿನ್ನ ಸಂಬಳದ ಚೀಟಿಯನ್ನು ಕೇಳಲಿಲ್ಲ. ಕ್ರಿಸ್ತನು ನಿನ್ನನ್ನು ಹಾಗೆಯೇ ಎತ್ತಿಕೊಂಡನು. ಆತ್ಮನಿಂದ ಪ್ರಾರಂಭವಾದದ್ದನ್ನು ಈಗ ಬಳೆಯ ಲೆಕ್ಕದಿಂದ ಮುಗಿಸಬೇಕೇ?

ಈಗ ಪೌಲನ ಜೊತೆಗಾರ ತೀತನ ಸಂಗತಿಗೆ ಬರೋಣ. ಗಲಾತ್ಯದವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯವನ್ನು ತೆರೆದಿಟ್ಟುಕೊಂಡು ಓದು. ಪೌಲ, ಬಾರ್ನಬರು ಯೆರೂಸಲೇಮಿಗೆ ಹೋಗುವಾಗ ತೀತನನ್ನೂ ಕರೆದುಕೊಂಡು ಹೋದರು. ತೀತನು ಗ್ರೀಕನು, ಸುನ್ನತಿಯಿಲ್ಲದವನು. ಅಲ್ಲಿ ಕೆಲವರು ಮೆಲ್ಲನೆ ಒಳಸೇರಿಕೊಂಡಿದ್ದರು. ಪೌಲನು ಅವರನ್ನು ಸುಳ್ಳು ಸಹೋದರರೆಂದು ಕರೆಯುತ್ತಾನೆ, ಕ್ರಿಸ್ತ ಯೇಸುವಿನಲ್ಲಿ ನಮಗಿರುವ ಸ್ವಾತಂತ್ರ್ಯವನ್ನು ಹೊಂಚಿ ನೋಡಿ ನಮ್ಮನ್ನು ದಾಸರನ್ನಾಗಿ ಮಾಡಲು ಬಂದವರು ಎನ್ನುತ್ತಾನೆ. ಅಂಥವರು ಹೊರಗಿನ ವೈರಿಗಳಂತೆ ಬರುವುದಿಲ್ಲ ಎಂಬುದನ್ನು ಗಮನಿಸು. ಅವರು ಸಹೋದರರಾಗಿಯೇ ಬಂದರು, ಪ್ರಾರ್ಥನೆಯಲ್ಲಿ ಕುಳಿತರು, ಕ್ರಿಸ್ತನ ಹೆಸರನ್ನು ಹೇಳಿದರು. ಕ್ರಿಸ್ತನು ಬೇಡ ಎಂದು ಅವರು ಒಮ್ಮೆಯೂ ಹೇಳಲಿಲ್ಲ. ಕ್ರಿಸ್ತನ ಜೊತೆಗೆ ಸುನ್ನತಿಯೊಂದು ಬೇಕು ಎಂದರು.

ಪೌಲನು ಅವರಿಗೆ ಒಂದು ಗಳಿಗೆಯಷ್ಟು ಕಾಲವೂ ಮಣಿಯಲಿಲ್ಲ. ನಿನ್ನ ಲೆಕ್ಕದಲ್ಲಿ ಅವನು ಮಣಿಯಬಹುದಿತ್ತಲ್ಲವೇ? ಅವನಿಗಂತೂ ಯಾವ ನಷ್ಟವೂ ಇರಲಿಲ್ಲ. ಅವನು ಹುಟ್ಟಿದ ಎಂಟನೆಯ ದಿನವೇ ಸುನ್ನತಿಯಾದವನು, ನೇಮಪಾಲನೆಯಲ್ಲಿ ಕಟ್ಟುನಿಟ್ಟಾದ ಫರಿಸಾಯರ ಪಂಥದವನು. ತೀತನೊಬ್ಬ ಸ್ವಲ್ಪ ನೋವು ಸಹಿಸಿಕೊಂಡಿದ್ದರೆ ಸಭೆಯಲ್ಲಿ ಸಮಾಧಾನ ನೆಲೆಸುತ್ತಿತ್ತು. ಆದರೂ ಅವನು ಮಣಿಯದಿರಲು ಕಾರಣವನ್ನು ತಾನೇ ಬರೆದಿದ್ದಾನೆ: ಸುವಾರ್ತೆಯ ಸತ್ಯವು ನಿಮ್ಮಲ್ಲಿ ನೆಲೆಯಾಗಿರಬೇಕೆಂದು. “ನಿಮ್ಮಲ್ಲಿ” ಎಂದರೆ ಗಲಾತ್ಯದವರಲ್ಲಿ. ಈಗಿನ ಟರ್ಕಿಯ ಒಳನಾಡಿನಲ್ಲಿದ್ದ ಆ ಜನರು ಯೆರೂಸಲೇಮಿನ ಆ ಮಾತುಕತೆಯಿಂದ ಬಹುದೂರವಿದ್ದರು. ಅವರ ಪರವಾಗಿ ಅಲ್ಲಿ ಒಬ್ಬನು ನಿಂತನು. ಅವನು ಅಂದು ಕೂತುಬಿಟ್ಟಿದ್ದರೆ ಸೋಲು ಅವರದಾಗುತ್ತಿತ್ತು.

ನೀನು ಕೇಳಿದ ನಷ್ಟದ ಪ್ರಶ್ನೆಗೆ ನನ್ನ ಉತ್ತರ ಇದೇ, ಗೆಳೆಯ. ನಿನಗೆ ನಷ್ಟವಿಲ್ಲ, ನಿಜ. ನೀನು ಓಲೆ ಹಾಕಿದವನಲ್ಲ, ಹೂವು ಮುಡಿದವನಲ್ಲ. ನೀನು ಬಿಟ್ಟುಕೊಡಲು ಹೊರಟಿರುವುದು ನಿನ್ನ ಕೈಯ ಬಳೆಯನ್ನಲ್ಲ, ನಿನ್ನ ಹೆಂಡತಿಯ ಕೈಯ ಬಳೆಯನ್ನು. ಅವಳು ಮದುವೆಯಾದ ಮೇಲೆ ಕರ್ತನನ್ನು ಅರಿತವಳು, ತನ್ನ ತವರಿನಲ್ಲಿ ಒಬ್ಬಳೇ ವಿಶ್ವಾಸಿ. ನಮ್ಮ ನಾಡಿನಲ್ಲಿ ಬೋಳು ಕೈ, ಬೋಳು ಹಣೆ, ಹೂವಿಲ್ಲದ ತುರುಬು ಏನನ್ನು ಹೇಳುತ್ತವೆಂದು ನಿನಗೆ ನಾನು ತಿಳಿಸಬೇಕೇ? ಗಂಡ ಬದುಕಿರುವಾಗಲೇ ಮಗಳ ಕೈ ಬರಿದಾದದ್ದನ್ನು ನೋಡಿ ಅವಳ ತಾಯಿ ಅಡುಗೆಮನೆಯಲ್ಲಿ ಅತ್ತರೆಂದು ನೀನೇ ಬರೆದಿದ್ದೀಯ. ಆ ತಾಯಿಗೆ ಸುವಾರ್ತೆ ಎಂದರೆ ಇನ್ನು ಮುಂದೆ ಏನೆಂದು ತೋರುತ್ತದೆ? ಶಿಲುಬೆಯು ಎಡವುಗಲ್ಲಾದರೆ ಆಗಲಿ, ಅದನ್ನು ನಾವು ತಪ್ಪಿಸಲಾರೆವು. ಗಾಜಿನ ಬಳೆಯನ್ನು ಎಡವುಗಲ್ಲು ಮಾಡಲು ನಮಗೆ ಅಪ್ಪಣೆ ಕೊಟ್ಟವರು ಯಾರು?

ಇನ್ನೂ ಒಂದು ಪ್ರಶ್ನೆ. ಬಳೆ ತೆಗೆಯುವ ಬಗ್ಗೆ ನೀನು ಅವಳನ್ನು ಕೇಳಿದೆಯಾ? ಅವಳೇ ತನ್ನ ಮನಸ್ಸಾಕ್ಷಿಯಿಂದ, ಕರ್ತನ ಮುಂದೆ, ನನಗೆ ಒಡವೆ ಬೇಡ ಎಂದಿದ್ದರೆ ನಾನು ಎರಡನೆಯ ಮಾತು ಆಡುವುದಿಲ್ಲ. ರೋಮಾಪುರದವರಿಗೆ ಬರೆದ ಪತ್ರಿಕೆಯ ಹದಿನಾಲ್ಕನೆಯ ಅಧ್ಯಾಯದಲ್ಲಿ ಒಬ್ಬನು ಎಲ್ಲವನ್ನೂ ತಿನ್ನುತ್ತಾನೆ, ಇನ್ನೊಬ್ಬನು ಸೊಪ್ಪು ಕಾಯಿಪಲ್ಯವನ್ನು ಮಾತ್ರ ತಿನ್ನುತ್ತಾನೆ. ಇಬ್ಬರನ್ನೂ ದೇವರು ಸೇರಿಸಿಕೊಂಡಿದ್ದಾನೆ. ಬಳೆ ತೊಡದ ಹೆಂಗಸು ತೊಟ್ಟವಳಷ್ಟೇ ಸ್ವತಂತ್ರಳು, ತೊಡದಿರುವುದು ಅವಳದೇ ನಿರ್ಧಾರವಾಗಿದ್ದರೆ. ಸಭೆಯೆದುರು ಹೆಸರು ಓದುತ್ತಾರೆಂಬ ಹೆದರಿಕೆಯಿಂದ ತೆಗೆದಿದ್ದರೆ ಅದಕ್ಕೆ ಭಕ್ತಿ ಎಂದು ಹೆಸರಿಡಬೇಡ.

ಅವಳೊಬ್ಬಳೇ ಅಲ್ಲ. ನಿಮ್ಮ ಸಭೆಯಲ್ಲಿ ಆಟೋ ಓಡಿಸುವ ಆ ಸಹೋದರನ ಬಗ್ಗೆ ನೀನು ಹಿಂದೆ ಬರೆದಿದ್ದೆ. ಸಾಲದ ಕಂತು ಕಟ್ಟಲಾರದೆ ಒದ್ದಾಡುತ್ತಿರುವ ಅವನ ದಶಮಾಂಶದ ಬಾಕಿಯನ್ನೂ ಇನ್ನು ಮುಂದೆ ಓದುತ್ತಾರೆ. ಅತ್ತೆಮಾವಂದಿರಿಗೆ ಗೊತ್ತಾಗದಂತೆ ಆರಾಧನೆಗೆ ಬರುವ ಎಳೆಯ ಸೊಸೆಯೊಬ್ಬಳಿದ್ದಾಳಲ್ಲ, ಅವಳು ತಾಳಿ ತೆಗೆದರೆ ಸಂಜೆಗೆ ಮನೆಯಿಂದ ಹೊರಗಿರುತ್ತಾಳೆ. ತೆಗೆಯದಿದ್ದರೆ ಎತ್ತಲ್ಪಡದವಳಾಗುತ್ತಾಳೆ. ಇವರಿಬ್ಬರೂ ನಾಳೆ ತಮ್ಮ ಸಂಕಟ ಹೇಳಿಕೊಂಡರೆ ಬೋಧಕರು ನಿನ್ನನ್ನು ತೋರಿಸಿ, ಓದಿದವರು, ತಿಳಿದವರು, ಅವರೇ ಸಹಿ ಹಾಕಿದ್ದಾರೆ, ನಿಮ್ಮದೇನು ಎನ್ನುತ್ತಾರೆ. ನೀನು ಯಾರ ಮೇಲೂ ಹೊರೆ ಹೊರಿಸದಿದ್ದರೂ ನಿನ್ನ ಸಹಿ ಹೊರಿಸುತ್ತದೆ. ನಿನ್ನ ಸ್ವಾತಂತ್ರ್ಯ ನಿನ್ನದೊಬ್ಬನದೇ ಆಗಿದ್ದರೆ ಉದಾರವಾಗಿ ಕೊಟ್ಟುಬಿಡು ಎನ್ನುತ್ತಿದ್ದೆ. ಅದು ಅವರದೂ ಹೌದು.

ನೀನು ಪೌಲನ ಇನ್ನೊಬ್ಬ ಜೊತೆಗಾರ ತಿಮೊಥೆಯನ ವಿಷಯ ಎತ್ತುತ್ತೀ ಎಂದು ಗೊತ್ತು. ಲುಸ್ತ್ರದಲ್ಲಿ ಪೌಲನೇ ತಿಮೊಥೆಯನಿಗೆ ಸುನ್ನತಿ ಮಾಡಿಸಿದನಲ್ಲ, ಅಲ್ಲಿ ಮಣಿದವನು ಇಲ್ಲೇಕೆ ಮಣಿಯಲಿಲ್ಲ ಎಂದು. ಇದನ್ನು ನಾನು ಬಹಳ ಯೋಚಿಸಿದ್ದೇನೆ, ಯಾಕೆಂದರೆ ಇಡೀ ವಿಷಯದ ಗಂಟು ಬಿಚ್ಚುವುದು ಇಲ್ಲಿಯೇ. ತಿಮೊಥೆಯನ ತಾಯಿ ಯೆಹೂದ್ಯಳು, ತಂದೆ ಗ್ರೀಕನು. ಆ ಸೀಮೆಯ ಯೆಹೂದ್ಯರ ನಡುವೆ ಅವನು ಸೇವೆ ಮಾಡಬೇಕಾಗಿತ್ತು, ಅವರ ಮನೆಯೊಳಗೆ ಕಾಲಿಡಬೇಕಾಗಿತ್ತು. ಸುನ್ನತಿಯಾಗದಿದ್ದರೆ ನಿನಗೆ ರಕ್ಷಣೆಯಿಲ್ಲವೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಅದು ಪ್ರೀತಿಯಿಂದ ಹೊತ್ತುಕೊಂಡ ಹೊರೆ. ತೀತನ ವಿಷಯದಲ್ಲಾದರೋ ಅದನ್ನು ರಕ್ಷಣೆಯ ಬಾಗಿಲಲ್ಲಿ ನಿಲ್ಲಿಸಲಾಗಿತ್ತು. ಮಾಡಿಸಿಕೊಳ್ಳುವ ಕೆಲಸ ಒಂದೇ, ಕತ್ತಿಯೂ ಒಂದೇ. ಕೇಳಿದವರು ಕೇಳಿದ ರೀತಿಯಿಂದ ಒಂದು ಕಡೆ ಅದು ಸೇವೆಯಾಯಿತು, ಇನ್ನೊಂದು ಕಡೆ ಸುವಾರ್ತೆಯನ್ನೇ ಅಳಿಸುವ ಕೆಲಸವಾಗುತ್ತಿತ್ತು.

ಈ ದೃಷ್ಟಿಯಿಂದ ನಿಮ್ಮ ಹಾಳೆಯ ಕೊನೆಯ ಸಾಲನ್ನು ಮತ್ತೆ ನೋಡು. ಅದೊಂದು ಸಾಲು ಇಲ್ಲದಿದ್ದರೆ ನಾನು ಇಷ್ಟುದ್ದ ಬರೆಯುತ್ತಿರಲಿಲ್ಲ. ಸರಳವಾಗಿ ಬದುಕೋಣ, ಒಡವೆಯ ಹಣವನ್ನು ಬಡವರಿಗೆ ಕೊಡೋಣ ಎಂದು ಒಂದು ಸಭೆ ಒಮ್ಮತದಿಂದ ತೀರ್ಮಾನಿಸಿದರೆ ಅದು ಸುಂದರವಾದ ತೀರ್ಮಾನ. ಇವುಗಳನ್ನು ಕೈಕೊಳ್ಳುವವರೇ ಎತ್ತಲ್ಪಡುವವರು ಎಂದ ಕೂಡಲೆ ಕ್ರಿಸ್ತನ ಶಿಲುಬೆ ಸಾಲದು ಎಂದು ಬರೆದಂತಾಯಿತು. ನೇಮದಿಂದ ನೀತಿಯು ದೊರಕುವುದಾದರೆ ಕ್ರಿಸ್ತನು ಸತ್ತದ್ದು ವ್ಯರ್ಥ ಎಂದು ಪೌಲನು ಬರೆದದ್ದು ಕೋಪದ ಭರದಲ್ಲಲ್ಲ. ಲೆಕ್ಕ ಹಾಕಿ ನೋಡಿದರೆ ಉಳಿಯುವುದು ಅಷ್ಟೇ.

ಅಂತಿಯೋಕ್ಯದಲ್ಲಿ ನಡೆದದ್ದನ್ನು ನಾವು ಸಂಡೇ ಸ್ಕೂಲಿನಲ್ಲಿ ಪೇತ್ರ ಮತ್ತು ಪೌಲರ ಜಗಳವೆಂದು ಕಲಿತೆವು. ಈಗ ಓದುವಾಗ ನನ್ನ ಕಣ್ಣು ಆ ಇಬ್ಬರ ಮೇಲೆ ನಿಲ್ಲುವುದಿಲ್ಲ. ಪೇತ್ರನು ಅನ್ಯಜನರೊಂದಿಗೆ, ಅಂದರೆ ಯೆಹೂದ್ಯರಲ್ಲದ ವಿಶ್ವಾಸಿಗಳೊಂದಿಗೆ, ಕುಳಿತು ಉಣ್ಣುತ್ತಿದ್ದನು. ಯೆರೂಸಲೇಮಿನ ಸಭೆಯ ಮುಖಂಡ ಯಾಕೋಬನ ಕಡೆಯಿಂದ ಕೆಲವರು ಬಂದರು. ಪೇತ್ರನು ಹೆದರಿ ಮೆಲ್ಲಗೆ ಹಿಂದೆ ಸರಿದು ಬೇರೆಯಾದನು. ಮಿಕ್ಕ ಯೆಹೂದ್ಯರೂ ಎದ್ದರು, ಕೊನೆಗೆ ಬಾರ್ನಬನೂ ಅವರ ಕಪಟದ ಸೆಳೆತಕ್ಕೆ ಸಿಕ್ಕಿದನು. ಈಗ ಆ ಪಂಕ್ತಿಯಲ್ಲಿ ಉಳಿದವರು ಯಾರು? ಊಟದ ನಡುವೆ ತಮ್ಮ ಪಕ್ಕದ ಜಾಗಗಳು ಒಂದೊಂದಾಗಿ ಖಾಲಿಯಾದದ್ದನ್ನು ನೋಡಿದವರು, ಹೆಸರೂ ದಾಖಲಾಗದ ಆ ಗ್ರೀಕ್ ವಿಶ್ವಾಸಿಗಳು. ಪೇತ್ರನು ಯಾವ ಸುಳ್ಳು ಬೋಧನೆಯನ್ನೂ ಮಾಡಲಿಲ್ಲ. ಬಾಯಿ ತೆರೆದು ಒಂದು ಮಾತೂ ಆಡಲಿಲ್ಲ. ಸುಮ್ಮನೆ ಎದ್ದು ಹೋದನು, ಸಮಾಧಾನಕ್ಕಾಗಿ. ಅಷ್ಟಕ್ಕೇ ಪೌಲನು ಎಲ್ಲರ ಮುಂದೆ ಅವನನ್ನು ಖಂಡಿಸಿದನು.

ಪಂಕ್ತಿಭೇದದ ನೋವು ನಮಗೆ ಹೊಸದೇ? ನಮ್ಮ ಅಜ್ಜ ಮುತ್ತಜ್ಜಂದಿರಲ್ಲಿ ಎಷ್ಟೋ ಜನ ಕ್ರಿಸ್ತನ ಬಳಿಗೆ ಬಂದದ್ದೇ ಅವನ ಮೇಜಿನಲ್ಲಿ ಆ ಭೇದ ಇಲ್ಲವೆಂದು. ಅಲ್ಲಿಯೂ ಅದು ಹಿಂಬಾಗಿಲಿನಿಂದ ಬಂದು ಕೂತಿತ್ತು. 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ಸಭೆಯೊಳಗಿನ ಜಾತಿಭೇದವನ್ನು ಕೂಡಲೇ, ಪೂರ್ತಿಯಾಗಿ ತೊರೆಯಬೇಕೆಂದು ದಕ್ಷಿಣದ ಸಭೆಗಳಿಗೆ ಪತ್ರ ಬರೆದಾಗ ತಂಜಾವೂರಿನಲ್ಲಿಯೂ ಮದ್ರಾಸಿನ ವೇಪೇರಿಯಲ್ಲಿಯೂ ಎಷ್ಟೋ ಜನ ಸಭೆಯನ್ನೇ ಬಿಟ್ಟು ಹೋದರು. ಮರುವರ್ಷ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರೂ ಈ ವಿಷಯದಲ್ಲಿ ಗಟ್ಟಿಯಾಗಿ ನಿಂತರು. 1844ರಲ್ಲಿ ಮಂಗಳೂರಿನಲ್ಲಿ ದೀಕ್ಷಾಸ್ನಾನ ಹೊಂದಿದ ಆನಂದರಾವ್ ಕೌಂಡಿನ್ಯರು ತಮ್ಮ ಬ್ರಾಹ್ಮಣ ಮನೆತನದ ಸ್ಥಾನಮಾನವನ್ನು ಹಿಂದೆ ಬಿಟ್ಟು ಬಂದರು. ಕ್ರೈಸ್ತರಾದ ಮೇಲೆ ಕುಲಕಸುಬು ತಪ್ಪಿದವರಿಗೆ ಅನ್ನದ ದಾರಿಯಾಗಬೇಕೆಂದು ನೇಯ್ಗೆ ಶಾಲೆಗಳು ಹುಟ್ಟಿದವು, 1865ರಲ್ಲಿ ಜೆಪ್ಪುವಿನ ಹೆಂಚಿನ ಕಾರ್ಖಾನೆ ಹುಟ್ಟಿತು. ಒಂದೇ ಮೇಜಿನಲ್ಲಿ ಕುಳಿತುಕೊಳ್ಳಲು ನಮ್ಮ ಹಿರಿಯರು ಕೊಟ್ಟ ಬೆಲೆ ಅದು.

ಜಾತಿ ಬಿಡಬೇಕೆಂಬುದೂ ಒಂದು ನಿಯಮವೇ ಅಲ್ಲವೇ ಎಂದು ನೀನು ಕೇಳಬಹುದು. ಹೌದು. ಆದರೆ ಆ ನಿಯಮ ಪಂಕ್ತಿಗೆ ಜನರನ್ನು ಸೇರಿಸಿತು. ನಿಮ್ಮ ಹಾಳೆಯ ನಿಯಮಗಳು ಪಂಕ್ತಿಯಿಂದ ಜನರನ್ನು ಎಬ್ಬಿಸುತ್ತವೆ. ಬೇರೆ ಸಭೆಯವರ ಜೊತೆ ಕರ್ತನ ಭೋಜನ ಬೇಡ ಎಂದರೆ ಮುಂದಿನ ಕ್ರಿಸ್ಮಸ್ಸಿಗೆ ನೀನು ಊರಿಗೆ ಬಂದಾಗ ನಿನ್ನ ತಾಯಿಯ ಪಕ್ಕದಲ್ಲಿ ಮೊಣಕಾಲೂರಿ ರೊಟ್ಟಿ ತೆಗೆದುಕೊಳ್ಳುವಂತಿಲ್ಲ. ನಿನ್ನನ್ನು ಪ್ರಾರ್ಥಿಸಲು ಕಲಿಸಿದ ತಾಯಿ ಅವರು. ಈ ನಿಯಮಕ್ಕೆ ವಾಕ್ಯದ ಆಧಾರ ಕೇಳಿದರೆ ಏನು ತೋರಿಸುತ್ತಾರೆ? ನನಗೆ ನೆನಪಾಗುವುದು ಯೋಹಾನನ ಮೂರನೆಯ ಪತ್ರಿಕೆಯ ದಿಯೊತ್ರೇಫ ಮಾತ್ರ. ಎಲ್ಲರಲ್ಲಿ ತಾನೇ ಪ್ರಮುಖನಾಗಬೇಕೆಂದಿದ್ದ ಅವನು ಸಹೋದರರನ್ನು ಸೇರಿಸಿಕೊಳ್ಳಲಿಲ್ಲ, ಸೇರಿಸಿಕೊಳ್ಳಬೇಕೆಂದವರನ್ನು ಸಭೆಯಿಂದ ಹೊರಗೆ ಹಾಕಿದನು.

ಸುಳ್ಳು ಬೋಧಕರನ್ನು ಗುರುತಿಸುವುದು ಹೇಗೆ ಎಂದು ಕೇಳಿದ್ದೀಯ. ನಿಮ್ಮ ಬೋಧಕರನ್ನು ನಾನು ಕಂಡವನಲ್ಲ, ಅವರ ಹೃದಯವನ್ನು ತೂಗಿ ಬೆಲೆ ಕಟ್ಟುವುದಿಲ್ಲ. ಅವರು ತಾವೇ ನಂಬಿ ಹೇಳುತ್ತಿರಬಹುದು. ಗಲಾತ್ಯದವರಿಗೆ ಬರೆದ ಪತ್ರಿಕೆಯ ನಾಲ್ಕನೆಯ ಅಧ್ಯಾಯದಲ್ಲಿ ಪೌಲನು ಹೇಳುವ ಗುರುತು ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದಿದೆ. ಅವರು ನಿಮ್ಮ ಮೇಲೆ ಬಹಳ ಆಸಕ್ತಿ ತೋರಿಸುತ್ತಾರೆ, ಆದರೆ ನೀವು ಅವರ ಮೇಲೆಯೇ ಆಸಕ್ತಿ ಇಡಬೇಕೆಂದು ನಿಮ್ಮನ್ನು ಉಳಿದವರಿಂದ ಅಗಲಿಸಲು ನೋಡುತ್ತಾರೆ. ಈ ಮಾತನ್ನು ಹಿಡಿದು ನಿನ್ನ ಕಳೆದ ವರ್ಷವನ್ನು ನೋಡು. ಮೊದಲು ಹಳೆಯ ಸಭೆಯ ಗೆಳೆಯರು ದೂರವಾದರು. ಆಮೇಲೆ ನಿನ್ನ ಭಾವಮೈದುನನ ಗೃಹಪ್ರವೇಶ ತಪ್ಪಿತು. ಕೊರಿಂಥದವರಿಗಾದರೋ ಪೌಲನು ನಂಬದವರು ಊಟಕ್ಕೆ ಕರೆದರೆ, ಹೋಗಲು ನಿಮಗೆ ಮನಸ್ಸಿದ್ದರೆ, ಬಡಿಸಿದ್ದನ್ನು ತಿನ್ನಿರಿ ಎಂದು ಬರೆದಿದ್ದಾನೆ. ಈಗ ತಾಯಿಯೊಂದಿಗೆ ಕರ್ತನ ಭೋಜನವೂ ಬೇಡ. ನಿನ್ನ ಸುತ್ತಲಿನ ವರ್ತುಲ ಕಿರಿದಾಗುತ್ತ ಹೋದಂತೆ ಅದರ ನಡುವೆ ಯಾರ ಮುಖ ದೊಡ್ಡದಾಗುತ್ತಿದೆ? ಕ್ರಿಸ್ತನದಾಗಿದ್ದರೆ ನನಗೆ ಚಿಂತೆಯಿಲ್ಲ.

ಇನ್ನು ಒಡವೆಯ ವಾಕ್ಯಗಳು. ನಿಮ್ಮ ಹಾಳೆಯಲ್ಲಿ ಪೇತ್ರನ ಮೊದಲನೆಯ ಪತ್ರಿಕೆಯ ಮೂರನೆಯ ಅಧ್ಯಾಯವನ್ನು ಬರೆದಿದ್ದಾರೆ. ಅಲ್ಲಿ ಚಿನ್ನದ ಜೊತೆಗೆ ಜಡೆ ಹೆಣೆಯುವುದೂ ವಸ್ತ್ರ ಧರಿಸುವುದೂ ಒಂದೇ ಸಾಲಿನಲ್ಲಿವೆ. ಚಿನ್ನಕ್ಕೆ ನಿಷೇಧವಾದರೆ ಜಡೆಗೂ ಬಟ್ಟೆಗೂ ನಿಷೇಧವಾಗಬೇಕಲ್ಲವೇ? ಅಪೊಸ್ತಲನು ಹೇಳುತ್ತಿರುವುದು ನಿಮ್ಮ ಚೆಲುವು ಹೊರಗಿನದನ್ನು ನೆಚ್ಚಿಕೊಂಡಿರದೆ ಸಾತ್ವಿಕವೂ ಶಾಂತವೂ ಆದ ಮನಸ್ಸಿನಲ್ಲಿರಲಿ ಎಂದು. ಅಬ್ರಹಾಮನ ಸೇವಕನು ರೆಬೆಕ್ಕಳಿಗೆ ಕೊಟ್ಟದ್ದು ಚಿನ್ನದ ಮೂಗುತಿ ಮತ್ತು ಕೈಗೆ ಎರಡು ಚಿನ್ನದ ಬಳೆ. ಅವುಗಳನ್ನು ಅವಳಿಗೆ ತೊಡಿಸಿ, ಅವನು ಅಲ್ಲಿಯೇ ಬಗ್ಗಿ ಕರ್ತನನ್ನು ಕೊಂಡಾಡಿದನು. ಹಂದಿಗಳ ನಡುವಿನಿಂದ ಹಿಂತಿರುಗಿ ಬಂದ ಮಗನ ಬೆರಳಿಗೆ ತಂದೆಯು ಉಂಗುರ ಇಡಿಸಿದನು. ನಿಮ್ಮ ಸಭೆಗೆ ಆ ಮಗ ಬಂದಿದ್ದರೆ ಬಾಗಿಲಲ್ಲೇ ಉಂಗುರ ಬಿಚ್ಚಿಸುತ್ತಿದ್ದರು. ಇದನ್ನು ಬರೆಯುವಾಗ ನನಗೆ ದುಃಖವಾಗುತ್ತದೆ.

ದಶಮಾಂಶದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಕೊಡು, ಧಾರಾಳವಾಗಿ ಕೊಡು, ಹತ್ತನೆಯ ಒಂದಕ್ಕೇ ನಿಲ್ಲಿಸಬೇಡ. ಆದರೆ ದುಃಖದಿಂದಲೂ ಬಲಾತ್ಕಾರದಿಂದಲೂ ಕೊಡಬೇಡಿರಿ ಎಂದು ಕೊರಿಂಥದವರಿಗೆ ಬರೆದಿದೆ, ಸಂತೋಷದಿಂದ ಕೊಡುವವನನ್ನು ದೇವರು ಪ್ರೀತಿಸುತ್ತಾನೆ. ಬಾಕಿಯವರ ಪಟ್ಟಿ ಓದಿದ ಮೇಲೆ ಸಂತೋಷಕ್ಕೆ ಎಲ್ಲಿ ಜಾಗ? ನಮ್ಮ ಹಳೆಯ ಸಭೆಗಳೂ ಇದರಲ್ಲಿ ನಿರ್ದೋಷಿಗಳಲ್ಲ. ವರ್ಗಣಿ ಬಾಕಿಯಿದೆ ಎಂದು ಸಮಾಧಿಯ ಜಾಗಕ್ಕೆ ತಕರಾರು ತೆಗೆಯುವುದೂ ಪುದೀನ, ಸಬ್ಬಸಿಗೆ, ಜೀರಿಗೆಯಲ್ಲಿ ದಶಮಾಂಶ ಕೊಟ್ಟು ನ್ಯಾಯವನ್ನೂ ಕರುಣೆಯನ್ನೂ ಬಿಟ್ಟ ಫರಿಸಾಯರ ದಾರಿಯೇ. ನಿನ್ನನ್ನು ಅಲ್ಲಿಂದ ಇಲ್ಲಿಗೆ ಬಾ ಎಂದು ಕರೆಯಲು ನಾನು ಈ ಪತ್ರ ಬರೆಯುತ್ತಿಲ್ಲ, ತಿಳಿಯಿತಲ್ಲವೇ?

ಮುಟ್ಟಬೇಡ, ರುಚಿ ನೋಡಬೇಡ, ಹಿಡಿಯಬೇಡ ಎಂಬ ನಿಯಮಗಳಿಗೆ ಜ್ಞಾನವೆಂಬ ಹೆಸರಿದ್ದರೂ ಶಾರೀರಿಕ ಇಚ್ಛೆಗಳನ್ನು ಅಡಗಿಸಲು ಅವು ಯಾವ ಪ್ರಯೋಜನಕ್ಕೂ ಬರುವುದಿಲ್ಲವೆಂದು ಕೊಲೊಸ್ಸೆಯವರಿಗೆ ಬರೆದಿದೆ. ಕುಡಿತದೊಂದಿಗೆ ಹೋರಾಡಿದ ನಿನಗೆ ಇದರ ಸತ್ಯ ನನಗಿಂತ ಚೆನ್ನಾಗಿ ಗೊತ್ತು. ಎಷ್ಟು ಆಣೆ, ಎಷ್ಟು ಶಪಥ ಮಾಡಿದ್ದೆ, ಯಾವುದು ಹಿಡಿದು ನಿಲ್ಲಿಸಿತು? ನಿಯಮ ಕಾಪಾಡುತ್ತದೆ ಎಂದು ನಂಬಿಸಿ ಕೊನೆಗೆ ನಿಯಮವೇ ಮನುಷ್ಯನನ್ನು ತಿನ್ನುತ್ತದೆ. ಬೇಲಿಯೇ ಎದ್ದು ಹೊಲ ಮೇಯುತ್ತದೆ. ಪಾಲಿಸಿದವನಿಗೆ ಗರ್ವ, ಪಾಲಿಸಲಾಗದವನಿಗೆ ನಾಚಿಕೆ, ಎರಡೂ ಕ್ರಿಸ್ತನಿಂದ ದೂರ ಒಯ್ಯುತ್ತವೆ. ಎರಡನೆಯ ದಾರಿಯಲ್ಲಿ ಹೋದವರು ಹೆಚ್ಚಾಗಿ ಮತ್ತೆ ಬಾಟಲಿಯ ಬಳಿಗೇ ಹೋಗಿ ಸೇರುತ್ತಾರೆ. ನನ್ನ ದೊಡ್ಡ ಭಯ ಇದು, ಮುಚ್ಚಿಡುವುದಿಲ್ಲ.

ಸ್ವಾತಂತ್ರ್ಯದ ಹೆಸರಿನಲ್ಲಿ ನೀನು ಅವರ ವಿರುದ್ಧ ಇನ್ನೊಂದು ನಿಯಮ ಹೊರಡಿಸಬಾರದೆಂದೂ ಹೇಳಬೇಕು. 1521ರಲ್ಲಿ ಜರ್ಮನಿಯ ಸಭಾಸುಧಾರಕ ಮಾರ್ಟಿನ್ ಲೂಥರನು ವಾರ್ಟ್‌ಬರ್ಗ್ ಕೋಟೆಯಲ್ಲಿ ಅಡಗಿದ್ದಾಗ ವಿಟ್ಟೆನ್‌ಬರ್ಗಿನಲ್ಲಿ ಅವನ ಜೊತೆಗಾರ ಕಾರ್ಲ್‌ಸ್ಟಾಟ್ ಮತ್ತು ಇತರರು ಆರಾಧನೆಯ ಹಳೆಯ ಕ್ರಮಗಳನ್ನು ಒಮ್ಮೆಗೇ ಬದಲಿಸಿದರು. ರೊಟ್ಟಿಯನ್ನು ಜನರು ಕೈಯಲ್ಲಿಯೇ ಹಿಡಿಯಬೇಕು, ದ್ರಾಕ್ಷಾರಸವನ್ನೂ ಕುಡಿಯಬೇಕು, ವಿಗ್ರಹಗಳನ್ನು ಕೆಡವಬೇಕು ಎಂದರು. ಅವುಗಳಲ್ಲಿ ಹಲವು ಲೂಥರನೇ ಬಯಸಿದ್ದ ಬದಲಾವಣೆಗಳು. ಆದರೂ 1522ರ ಮಾರ್ಚಿನಲ್ಲಿ ಜೀವದ ಅಪಾಯವನ್ನು ಲೆಕ್ಕಿಸದೆ ಹಿಂತಿರುಗಿ ಬಂದು ಎಂಟು ದಿನ ಸಾಲಾಗಿ ಪ್ರಸಂಗ ಮಾಡಿದನು. ವಾಕ್ಯವನ್ನು ಬೋಧಿಸಿರಿ, ಯಾರನ್ನೂ ಬಲವಂತ ಮಾಡಬೇಡಿರಿ, ದೇವರು ಸ್ವತಂತ್ರವಾಗಿ ಬಿಟ್ಟದ್ದನ್ನು ಕಟ್ಟಳೆಯಾಗಿ ಮಾಡಬೇಡಿರಿ ಎಂಬುದೇ ಆ ಪ್ರಸಂಗಗಳ ತಿರುಳು. ಊರು ಶಾಂತವಾಯಿತು. ಆದ್ದರಿಂದ ಬರುವ ಭಾನುವಾರ ನಿನ್ನ ಹೆಂಡತಿಗೆ ಡಜನ್ ಬಳೆ ತೊಡಿಸಿ ಮೊದಲ ಸಾಲಿನಲ್ಲಿ ಕೂರಿಸುವುದು ನನ್ನ ಸಲಹೆಯಲ್ಲ. ಅದೂ ಅವಳ ಕೈಯನ್ನು ನಿನ್ನ ವಾದಕ್ಕೆ ಬಳಸಿಕೊಂಡಂತೆ. ಸಭೆಯಲ್ಲಿ ಒಡವೆಯನ್ನು ನೋಡಿ ನಿಜವಾಗಿಯೂ ಮನಸ್ಸು ಕದಡುವ ವೃದ್ಧೆಯೊಬ್ಬರಿದ್ದರೆ ಅವರ ಮನೆಗೆ ಹೋಗುವಾಗ ಸರ ತೆಗೆದಿಟ್ಟು ಹೋಗುವುದು ಪ್ರೀತಿ. ಶರೀರಕ್ಕೆ ಅನುಕೂಲ ಮಾಡಿಕೊಳ್ಳಲೆಂದು ಸ್ವಾತಂತ್ರ್ಯ ಕೊಟ್ಟಿಲ್ಲ, ಪ್ರೀತಿಯಿಂದ ಒಬ್ಬರಿಗೊಬ್ಬರು ಸೇವೆ ಮಾಡಲು ಕೊಟ್ಟಿದೆ. ಬಲಹೀನರಿಗಾಗಿ ಬಿಟ್ಟುಕೊಡು, ಎಷ್ಟು ಬೇಕಾದರೂ. ಆಳುವವರಿಗೆ ಬಿಟ್ಟುಕೊಡಬೇಡ.

ಇನ್ನು ಮಾಡಬೇಕಾದದ್ದು. ಸಹಿ ಹಾಕಬೇಡ. ಜಗಳವಾಡಿ ಹೊರಗೂ ಬರಬೇಡ, ಅವರು ಕಳುಹಿಸುವವರೆಗೆ ಅಲ್ಲಿಯೇ ಇರು. ಬೋಧಕರ ಬಳಿಗೆ ಒಬ್ಬನೇ ಹೋಗಿ, ಗೌರವದಿಂದ, ಒಂದೇ ಪ್ರಶ್ನೆ ಕೇಳು: ಕ್ರಿಸ್ತನನ್ನು ನಂಬಿ, ಈ ಹಾಳೆಯ ಒಂದು ನಿಯಮವನ್ನೂ ಪಾಲಿಸದೆ ಇಂದು ರಾತ್ರಿ ತೀರಿಹೋದ ವಿಶ್ವಾಸಿ ಎಲ್ಲಿರುತ್ತಾನೆ? ಅವರು ಕರ್ತನ ಬಳಿಯಲ್ಲಿ ಎಂದರೆ ಕೊನೆಯ ಸಾಲನ್ನು ಹೊಡೆದುಹಾಕಲು ಕೇಳಿಕೊಳ್ಳು, ಒಬ್ಬ ಸಹೋದರನನ್ನು ಗೆದ್ದುಕೊಂಡೆ. ಉತ್ತರಿಸದೆ ನಿನ್ನ ವಿಧೇಯತೆಯನ್ನು ಪ್ರಶ್ನಿಸಿದರೆ ನಿನಗೆ ಉತ್ತರ ಸಿಕ್ಕಿತು.

ಅದಕ್ಕೂ ಮುಂಚೆ, ಇವತ್ತೇ ಸಾಧ್ಯವಾದರೆ, ನೀವಿಬ್ಬರೂ ಕುಳಿತು ಗಲಾತ್ಯದವರಿಗೆ ಬರೆದ ಪತ್ರಿಕೆಯನ್ನು ಗಟ್ಟಿಯಾಗಿ ಓದಿ. ಆರೇ ಅಧ್ಯಾಯ, 149 ವಚನ, ಅರ್ಧ ಗಂಟೆಯೂ ಹಿಡಿಯುವುದಿಲ್ಲ. ಅರ್ಧವನ್ನು ಅವಳು ಓದಲಿ. ಎರಡನೆಯ ಅಧ್ಯಾಯವನ್ನು ಅವಳ ಬಾಯಿಂದಲೇ ಕೇಳು, ಆಮೇಲೆ ಅವಳಿಗೆ ಏನನ್ನಿಸಿತೆಂದು ಕೇಳಿ ನನಗೆ ಬರೆ.

ಬೋಧಕರ ಬಳಿಗೆ ಒಬ್ಬನೇ ಹೋಗಲು ಅಳುಕಾದರೆ ಹೇಳು. ಶನಿವಾರ ರಾತ್ರಿಯ ಬಸ್ ಹತ್ತಿದರೆ ಬೆಳಗಿನ ಆರಾಧನೆಗೆ ಮುಂಚೆ ಬೆಂಗಳೂರಿನಲ್ಲಿರುತ್ತೇನೆ. ಮಾತನಾಡುವವನು ನೀನೇ, ನಾನು ಪಕ್ಕದಲ್ಲಿ ಕುಳಿತಿರುತ್ತೇನೆ. ನಿನ್ನ ತಾಯಿ ಹುರಿದ ಶೇಂಗಾ ಚಟ್ನಿ ಕೊಟ್ಟು ಕಳುಹಿಸುತ್ತೇನೆ ಎಂದಿದ್ದಾರೆ, ಅದನ್ನೂ ತರುತ್ತೇನೆ. ಶುಕ್ರವಾರದೊಳಗೆ ಉತ್ತರ ಬಂದರೆ ಟಿಕೆಟ್ ತೆಗೆಸುತ್ತೇನೆ.

ಕರ್ತನಲ್ಲಿ ನಿನ್ನ ಸಹೋದರ,
ನಿನ್ನ ಬೆಟಗೇರಿಯ ಗೆಳೆಯ